ನಂಬಿ ಒಪ್ಪಿಸಬಹುದಾದ ಕೈ: ಸಾಮರ್ಥ್ಯ ಎಂಬ ಮಾತಿನ ಬಳಕೆ ಮತ್ತು ಹೊಣೆ



ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯ ಸಾಮರ್ಥ್ಯ. ಇಂಗ್ಲಿಷಿನಲ್ಲಿ ಕಾಂಪಿಟೆನ್ಸ್ ಎನ್ನುತ್ತಾರಲ್ಲ, ಆ ಅರ್ಥದ ಸಾಮರ್ಥ್ಯ. ನಮ್ಮ ಸಾರ್ವಜನಿಕ ಬದುಕಿನಲ್ಲಿ ಪ್ರತಿಭೆಗೆ ದೊಡ್ಡ ಮರ್ಯಾದೆ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಊರೂರಿನಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಅರ್ಹತೆಯ ಕುರಿತಂತೂ ಚಳವಳಿ, ಮೊಕದ್ದಮೆ, ಆಯೋಗ ಎಲ್ಲವೂ ಆಗಿವೆ. ಇವೆರಡರ ನಡುವೆ ಸಾಮರ್ಥ್ಯ ಸದ್ದಿಲ್ಲದೆ ಕುಳಿತಿದೆ. ನಲ್ಲಿಯಲ್ಲಿ ಬರುವ ನೀರು, ಆಸ್ಪತ್ರೆಯಲ್ಲಿ ನರ್ಸ್ ಕೊಡುವ ಚುಚ್ಚುಮದ್ದು, ರಾತ್ರಿ ಬಸ್ಸಿನ ಚಾಲಕ ಹಾಕುವ ಬ್ರೇಕು, ಇವುಗಳ ಹಿಂದಿನ ಸಾಮರ್ಥ್ಯವನ್ನು ಯಾರೂ ಹೆಸರು ಹಿಡಿದು ಕೊಂಡಾಡುವುದಿಲ್ಲ. ಅದು ತಪ್ಪಿದ ದಿನ ಮಾತ್ರ ಸುದ್ದಿಯಾಗುತ್ತದೆ.

ಸಾಮರ್ಥ್ಯವೆಂದರೆ ಒಬ್ಬ ವ್ಯಕ್ತಿಯ ಒಳಗಿರುವ ಗುಣ ಎಂದು ನಾವು ಭಾವಿಸಿಕೊಂಡಿದ್ದೇವೆ. ಅದು ಇಬ್ಬರ ನಡುವಿನ ಸಂಗತಿ ಎಂಬುದು ನನ್ನ ವಾದ. ಒಬ್ಬರು ಮಾಡುವ ಕೆಲಸವನ್ನು ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಾಯಬೇಕಾಗಿಲ್ಲ, ಬಿಟ್ಟು ಹೋಗಿ ನಿಶ್ಚಿಂತೆಯಿಂದ ಇರಬಹುದು ಎಂಬ ಸ್ಥಿತಿ ಬಂದಾಗ ಅಲ್ಲಿ ಸಾಮರ್ಥ್ಯ ಇದೆ. ಹಾಗಾಗಿ ಒಬ್ಬರನ್ನು ಸಮರ್ಥರು ಎಂದು ಕರೆದೊಡನೆ ಮೂರು ಪ್ರಶ್ನೆ ಏಳಬೇಕು: ಯಾವ ಕೆಲಸಕ್ಕೆ, ಎಂಥ ಸ್ಥಿತಿಯಲ್ಲಿ, ಯಾರು ಕಂಡು ಹೇಳಿದ್ದು? ಇದನ್ನು ಮೊದಲು ಕಾನೂನಿನಲ್ಲಿ, ಆಮೇಲೆ ಜೀವವನ್ನೇ ಒಪ್ಪಿಸುವ ಕೆಲವು ಕಸುಬುಗಳಲ್ಲಿ, ಬಳಿಕ ಭಾಷೆ ಮತ್ತು ಶಾಲೆಯಲ್ಲಿ ನೋಡೋಣ. ಕೊನೆಗೆ ಪ್ರಮಾಣಪತ್ರಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಾವ್ಯಮೀಮಾಂಸೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮಾಡಿರುವ ಚರ್ಚೆ ಬೇರೆಯೇ ಒಂದು ಉಪನ್ಯಾಸಕ್ಕೆ ಸಲ್ಲತಕ್ಕದ್ದು. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲಿಗೆ ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಕರಾರು ಮಾಡಿಕೊಳ್ಳಲು ಯಾರು ಸಮರ್ಥರು ಎಂಬುದನ್ನು ಹೇಳುತ್ತದೆ. ಪ್ರಾಪ್ತ ವಯಸ್ಸಾಗಿರಬೇಕು, ಚಿತ್ತಸ್ವಾಸ್ಥ್ಯ ಇರಬೇಕು, ಬೇರಾವ ಕಾನೂನೂ ಆತನನ್ನು ಅನರ್ಹಗೊಳಿಸಿರಬಾರದು. ಇಷ್ಟೇ. ವ್ಯವಹಾರದಲ್ಲಿ ಚತುರನೇ, ಲೆಕ್ಕ ಬಲ್ಲನೇ ಎಂದು ಅದು ವಿಚಾರಿಸುವುದಿಲ್ಲ. ಈ ಕಲಮಿಗೆ ಗಟ್ಟಿಯಾದ ಅರ್ಥ ಬಂದದ್ದು ಕಲ್ಕತ್ತೆಯ ಒಂದು ಮೊಕದ್ದಮೆಯಿಂದ. ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ವಯಸ್ಕ 1895ರಲ್ಲಿ ತನ್ನ ಆಸ್ತಿಯನ್ನು 20,000 ರೂಪಾಯಿಗೆ ಅಡಮಾನ ಬರೆದುಕೊಟ್ಟಿದ್ದ. ಆತ ಅಪ್ರಾಪ್ತನೆಂಬುದು ಸಾಲ ಕೊಟ್ಟವನ ಕಡೆಯ ವಕೀಲರಿಗೆ ತಿಳಿದಿತ್ತು. 1903ರಲ್ಲಿ ಆಗಿನ ಅಂತಿಮ ಮೇಲ್ಮನವಿಯ ಪೀಠವಾದ ಪ್ರಿವಿ ಕೌನ್ಸಿಲ್ ಅಪ್ರಾಪ್ತನ ಕರಾರು ಮೊದಲಿನಿಂದಲೇ ಶೂನ್ಯ ಎಂದಿತು. ಮೊಹೋರಿ ಬೀಬಿ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಹುಡುಗ ಜಾಣನೋ ಅಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅವನ ಸಹಿಯನ್ನು ನಂಬಿ ಇನ್ನೊಬ್ಬ ವ್ಯವಹರಿಸಬಹುದೇ ಎಂಬುದೇ ತೀರ್ಮಾನವಾಯಿತು.

ಅದೇ ಕಾಯ್ದೆಯ 12ನೇ ಕಲಂ ನನಗೆ ಇನ್ನೂ ಮಾನವೀಯವಾಗಿ ಕಾಣುತ್ತದೆ. ಹೆಚ್ಚು ಕಾಲ ಚಿತ್ತಸ್ವಾಸ್ಥ್ಯ ಇಲ್ಲದವರು ಕೂಡ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು. ಸದಾ ಸ್ವಸ್ಥವಾಗಿರುವ ಮನುಷ್ಯ ಜ್ವರದ ಸನ್ನಿಯಲ್ಲಿ ಬಡಬಡಿಸುವಾಗ, ಅಥವಾ ತಾನೇನು ಒಪ್ಪುತ್ತಿದ್ದೇನೆಂದು ತಿಳಿಯದಷ್ಟು ಕುಡಿದಿರುವಾಗ, ಮಾಡಿಕೊಳ್ಳುವಂತಿಲ್ಲ. ನೂರೈವತ್ತು ವರ್ಷ ಹಿಂದಿನ ಈ ಮಾತು ಸಾಮರ್ಥ್ಯವನ್ನು ಮನುಷ್ಯನಿಗೆ ಅಂಟಿಸದೆ ಹೊತ್ತಿಗೆ ಮತ್ತು ಕೆಲಸಕ್ಕೆ ಅಂಟಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದೇ ಹಾದಿಯಲ್ಲಿ ಮುಂದೆ ಹೋಗಿದೆ. ಮಾನಸಿಕ ಕಾಯಿಲೆ ಇರುವವರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯ ಉಂಟೆಂದು ಅದು ಮೊದಲು ಒಪ್ಪಿಕೊಳ್ಳುತ್ತದೆ. ಹೇಳಿದ್ದನ್ನು ತಿಳಿದುಕೊಳ್ಳಲು, ತೀರ್ಮಾನದ ಫಲವನ್ನು ಮನಗಾಣಲು, ಇಲ್ಲವೇ ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಲು ಆದರೆ ಸಾಕು. ಮನೆಯವರ ಕಣ್ಣಿಗೆ ತಪ್ಪಾಗಿ ಕಾಣುವ ತೀರ್ಮಾನ ಮಾಡಿದ ಮಾತ್ರಕ್ಕೆ ಆ ವ್ಯಕ್ತಿ ಅಸಮರ್ಥ ಎನ್ನುವಂತಿಲ್ಲ. ಸಾಕ್ಷಿ ಹೇಳುವವರಿಗೂ ಕಾನೂನು ಕನಿಷ್ಠ ವಯಸ್ಸನ್ನು ಗೊತ್ತುಮಾಡಿಲ್ಲ. ಪ್ರಶ್ನೆ ಅರ್ಥವಾಗಿ ಸರಿಯಾಗಿ ಉತ್ತರಿಸಬಲ್ಲ ಮಗುವೂ ಸಾಕ್ಷಿಯೇ.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಈ ಮಾತಿಗೆ ಇನ್ನೊಂದು ಬಳಕೆ ಇದೆ: ಸಕ್ಷಮ ಪ್ರಾಧಿಕಾರ. ಕಡತವೊಂದು ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಹೋಗುತ್ತದೆ ಎಂದರೆ ಸಹಿ ಹಾಕುವ ಅಧಿಕಾರ ಇರುವವರ ಬಳಿಗೆ ಹೋಗುತ್ತದೆ ಎಂದರ್ಥ. ಅಧಿಕಾರವೂ ತಿಳಿವಳಿಕೆಯೂ ಒಂದೇ ಕುರ್ಚಿಯಲ್ಲಿ ಕುಳಿತಿದ್ದರೆ ಊರಿನ ಪುಣ್ಯ. ಕೂರದಿದ್ದಾಗ ಏನಾಗುತ್ತದೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸಾಮರ್ಥ್ಯದ ನಿಜವಾದ ರೂಪ ಕಾಣುವುದು ತಪ್ಪಿದರೆ ಜೀವ ಹೋಗುವ ಜಾಗಗಳಲ್ಲಿ.

ಮಳೆಗಾಲದಲ್ಲಿ ಮಲೆನಾಡಿನ ಯಾವುದೇ ಊರಿಗೆ ಹೋಗಿ. ಗಾಳಿಗೆ ಮರ ಬಿದ್ದು ತಂತಿ ಹರಿದಿರುತ್ತದೆ. ಕರೆಂಟು ಹೋಗಿ ಎರಡು ದಿನವಾಗಿರುತ್ತದೆ. ಊರಿನವರು ಪವರ್‌ಮ್ಯಾನ್‌ಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿರುತ್ತಾರೆ. ಆತ ಕಂಬ ಹತ್ತುವ ಮೊದಲು ಮಾಡಬೇಕಾದ ಕೆಲಸವನ್ನು ಆ ಕಸುಬಿನವರು 'ಎಲ್‌ಸಿ ತಗೊಳ್ಳೋದು' ಎನ್ನುತ್ತಾರೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಉಪಕೇಂದ್ರದಲ್ಲಿ ಪಾಳಿಯಲ್ಲಿರುವ ಆಪರೇಟರ್ ಆ ಮಾರ್ಗದ ವಿದ್ಯುತ್ತನ್ನು ಕಡಿತ ಮಾಡಿ, ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಇನ್ನು ಕೆಲಸ ಮಾಡಬಹುದೆಂದು ಹೇಳುವುದು. ಎಲ್‌ಸಿ ಸಿಕ್ಕ ಮಾತ್ರಕ್ಕೆ ಕಂಬ ಹತ್ತುವಂತಿಲ್ಲ. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಬೇಕು. ಯಾವುದೋ ಮನೆಯ ಜನರೇಟರಿನಿಂದ ವಿದ್ಯುತ್ತು ಹಿಂದಿನಿಂದ ಹರಿದು ಬಂದು ಸತ್ತ ತಂತಿಯನ್ನು ಜೀವಂತ ಮಾಡಬಹುದು. ಅರ್ಥಿಂಗ್ ಇದ್ದರೆ ಅದು ಆಳಿನ ಮೈಯನ್ನು ಬಿಟ್ಟು ಭೂಮಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಎಲ್ಲರೂ ಇಳಿದರೆಂದು ನೋಡಿಕೊಂಡು, ರಾಡ್ ತೆಗೆದು, ಎಲ್‌ಸಿ ತೆಗೆದುಕೊಂಡಾತನೇ ಅದನ್ನು ಹಿಂತಿರುಗಿಸಬೇಕು.

ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಆಯ್ಕೆ ಮಾಡುವಾಗ ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ, ಸಹನಶಕ್ತಿ ಪರೀಕ್ಷೆ ನಡೆಸುತ್ತಾರೆ. 8 ಮೀಟರ್ ಎತ್ತರದ ಕಂಬ ಹತ್ತುವುದು ಅದರಲ್ಲಿ ಕಡ್ಡಾಯ. ಇದು ಬೇಕಾದ ಪರೀಕ್ಷೆಯೇ. ಆದರೆ ಮೈದಾನದಲ್ಲಿ ಅಳೆಯಲು ಬರುವುದು ಹತ್ತುವ ಶಕ್ತಿಯನ್ನು ಮಾತ್ರ. ಇನ್ನೂ ಹತ್ತಬಾರದು ಎಂದು ತಿಳಿದು ಕೆಳಗೇ ನಿಲ್ಲುವ ಶಕ್ತಿ ಹಿರಿಯ ಲೈನ್‌ಮನ್ ಒಬ್ಬರ ಜೊತೆ ಮಳೆಗಾಲಗಳನ್ನು ಕಳೆದ ಮೇಲೆ ಬರತಕ್ಕದ್ದು. ಊರಿನವರು ಬೈಯುತ್ತಿರುವಾಗ, ಮೇಲಧಿಕಾರಿ ಅವಸರಿಸುತ್ತಿರುವಾಗ 'ರಾಡ್ ಬರಲಿ, ಆಮೇಲೆ ಹತ್ತುತ್ತೇನೆ' ಎನ್ನುವವನೇ ನನ್ನ ಲೆಕ್ಕದಲ್ಲಿ ಸಮರ್ಥ. ವಿದ್ಯುತ್ ತಗುಲಿ ಸತ್ತ ಲೈನ್‌ಮನ್ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದಾಗಲೆಲ್ಲ, ಆತನಿಗೆ ನಿಲ್ಲಲು ಬಿಟ್ಟಿದ್ದರೇ ಎಂಬ ಪ್ರಶ್ನೆಯನ್ನು ನಾವು ಕೇಳಬೇಕು. ನಿಲ್ಲುವ ಹಕ್ಕಿಲ್ಲದ ಕಡೆ ಸಾಮರ್ಥ್ಯ ಉಳಿಯುವುದಿಲ್ಲ.

ಇದೇ ಮಾತನ್ನು ಇನ್ನೂ ಆಳದಲ್ಲಿ ನೋಡಲು ಕೋಲಾರದ ಚಿನ್ನದ ಗಣಿಗೆ ಹೋಗೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೈಹಾಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಆ ಆಳಕ್ಕೆ ಆಳುಗಳನ್ನು ಕೇಜಿನಲ್ಲಿ ಇಳಿಸಿ ಎತ್ತುತ್ತಿದ್ದವನು ನೆಲದ ಮೇಲೆ ಕೂತ ವೈಂಡಿಂಗ್ ಇಂಜಿನ್ ಚಾಲಕ. ತಾನು ಹೊತ್ತಿರುವ ಜೀವಗಳು ಅವನ ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ಬೀಳುವ ಗಂಟೆಯ ಸಂಕೇತ, ಎದುರಿಗಿರುವ ಆಳ ತೋರಿಸುವ ಮಾಪಕ, ಕೈಯಲ್ಲಿ ಬ್ರೇಕು, ಇಷ್ಟೇ ಅವನಿಗಿರುವುದು. ಗಣಿ ಕಾನೂನಿನಲ್ಲಿ ಮ್ಯಾನೇಜರಿನಿಂದ ಹಿಡಿದು ಸಿಡಿಮದ್ದು ಹಾಕುವವನವರೆಗೆ, ಈ ಚಾಲಕನಿಗೂ ಸೇರಿ, ಸಾಮರ್ಥ್ಯದ ಪ್ರಮಾಣಪತ್ರ ಎಂದೇ ಹೆಸರಿರುವ ಪತ್ರ ಬೇಕು. ಕೇಜಿನಲ್ಲಿ ನಿಂತವರಿಗೆ ಚಾಲಕನ ಮುಖವೇ ಪರಿಚಯ ಇಲ್ಲದಿರಬಹುದು. ಪರಿಚಯ ಇಲ್ಲದವನನ್ನು ನಂಬುವಂತೆ ಮಾಡುವುದೇ ಆ ಪತ್ರದ ಕೆಲಸ.

ಗಣಿಯ ಇಂಜಿನಿಯರುಗಳು ಕಲ್ಲಿಗೂ ಇದೇ ಮಾತು ಬಳಸುತ್ತಾರೆ. ಊರೆಗಂಬ ಕೊಡದೆ ಸುರಂಗ ಕೊರೆದರೂ ಕುಸಿಯದೆ ತನ್ನಷ್ಟಕ್ಕೆ ನಿಲ್ಲುವ ಬಂಡೆ ಅವರ ಬಾಯಲ್ಲಿ ಕಾಂಪಿಟೆಂಟ್ ರಾಕ್. ಕೋಲಾರದ ಚಿನ್ನದ ಪದರಗಳ ಸುತ್ತಲಿನ ಹಾರ್ನ್‌ಬ್ಲೆಂಡ್ ಶಿಸ್ಟ್ ಬಹಳ ಗಟ್ಟಿಯಾದ ಬಂಡೆ. ಆದರೆ ಆ ಗಣಿಗೆ ಶಾಪದಂತೆ ಅಂಟಿಕೊಂಡಿದ್ದು ರಾಕ್ ಬರ್ಸ್ಟ್, ಅಂದರೆ ಬಂಡೆ ತಾನೇ ತಾನಾಗಿ ಸಿಡಿಯುವುದು. ಮೆದು ಕಲ್ಲು ಭಾರ ಬಿದ್ದಾಗ ಮೆಲ್ಲಗೆ ಬಿರಿಯುತ್ತದೆ, ಬಾಗುತ್ತದೆ, ಮುನ್ಸೂಚನೆ ಕೊಡುತ್ತದೆ. ಗಟ್ಟಿ ಕಲ್ಲು ಹಾಗಲ್ಲ. ಮೇಲಿನ ಭಾರವನ್ನೆಲ್ಲ ಒಳಗೆ ತಡೆದಿಟ್ಟುಕೊಂಡು, ತಡೆಯಲಾರದ ಕ್ಷಣದಲ್ಲಿ ಒಮ್ಮೆಲೇ ಸಿಡಿಯುತ್ತದೆ. ಅಗೆತ ಆಳಕ್ಕೆ ಹೋದಷ್ಟೂ ಈ ಅಪಾಯ ಹೆಚ್ಚಿತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇದೇ ಗಣಿಯ ಊರಾದ ಕೆಜಿಎಫ್‌ನಲ್ಲೇ ಆರಂಭವಾದದ್ದು ಆಕಸ್ಮಿಕವಲ್ಲ ಎಂದು ನನಗನ್ನಿಸುತ್ತದೆ. ಸ್ವಲ್ಪ ಆಳದಲ್ಲಿ ಭದ್ರವಾಗಿದ್ದ ಅದೇ ಬಂಡೆ ತುಂಬ ಆಳದಲ್ಲಿ ಭದ್ರವಲ್ಲ. ಬಂಡೆ ಬದಲಾಗಿಲ್ಲ, ಹೊರೆ ಬದಲಾಗಿದೆ. ಮನುಷ್ಯರ ಮಾತೂ ಹೀಗೆಯೇ. ಒಬ್ಬ ನರ್ಸ್ ಒಂದು ಪಾಳಿಯಲ್ಲಿ ಹತ್ತು ರೋಗಿಗಳಿಗೆ ಸಮರ್ಥಳು. ಅದೇ ಪಾಳಿಗೆ ಐವತ್ತು ರೋಗಿಗಳನ್ನು ಹೊರಿಸಿ ತಪ್ಪಾದಾಗ ಅವಳನ್ನು ಅಸಮರ್ಥಳೆಂದರೆ, ಆಕೆಯ ಮೇಲೆ ನಾವು ಹೊರಿಸಿದ ಭಾರವನ್ನು ಲೆಕ್ಕದಿಂದ ಬಿಟ್ಟಂತೆ.

ಹೊರೆಯ ಹಾಗೆಯೇ ಸಲಕರಣೆಯೂ ಲೆಕ್ಕಕ್ಕೆ ಬರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿದ ರಾತ್ರಿ ಅದನ್ನು ತುಂಬಿಟ್ಟಿದ್ದ ತೊಟ್ಟಿಯನ್ನು ತಂಪಾಗಿಡಬೇಕಿದ್ದ ಶೀತಲ ಘಟಕ ತಿಂಗಳುಗಳಿಂದ ನಿಂತಿತ್ತು. ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಸಂಪರ್ಕ ದುರಸ್ತಿಗಾಗಿ ಕಳಚಿತ್ತು. ಪಾಳಿಯ ಆಳುಗಳನ್ನೂ ಕಡಿಮೆ ಮಾಡಲಾಗಿತ್ತು. ಆ ರಾತ್ರಿ ಕೆಲಸದಲ್ಲಿದ್ದವರು ಎಷ್ಟೇ ಬಲ್ಲವರಾಗಿದ್ದರೂ ಅವರ ಕೈಗೆ ಸಿಗುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಆ ದುರಂತದ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಲಿಫ್ಟು, ಒತ್ತಡದ ಪಾತ್ರೆ ಮುಂತಾದವನ್ನು ಪರೀಕ್ಷಿಸುವ ಸಕ್ಷಮ ವ್ಯಕ್ತಿ ಯಾರೆಂದು ವ್ಯಾಖ್ಯೆ ಬರೆದರು. ಅದರಲ್ಲಿ ವಿದ್ಯಾರ್ಹತೆ ಮತ್ತು ಅನುಭವದ ಜೊತೆಗೆ ಆತನ ಕೈಗೆಟಕುವ ಸೌಲಭ್ಯಗಳನ್ನೂ ನೋಡಬೇಕು ಎಂಬ ಮಾತು ಸೇರಿತು. ಸಾಮರ್ಥ್ಯ ಮೈಯೊಳಗೆ ಮಾತ್ರ ಇರುವುದಿಲ್ಲ, ಕೈಯಲ್ಲಿ ಏನಿದೆ ಎಂಬುದರ ಮೇಲೂ ನಿಂತಿರುತ್ತದೆ ಎಂಬುದನ್ನು ನಮ್ಮ ಶಾಸನ ಒಪ್ಪಿಕೊಂಡ ಜಾಗ ಅದು.

ಇಲ್ಲಿಂದ ಮೂರನೆಯ ಭಾಗಕ್ಕೆ, ಭಾಷೆ ಮತ್ತು ಶಾಲೆಯ ಕಡೆಗೆ ಬರೋಣ.

ಅಮೆರಿಕದ ಭಾಷಾವಿಜ್ಞಾನಿ ನೋಮ್ ಚೋಮ್‌ಸ್ಕಿ 1965ರಲ್ಲಿ ಭಾಷಾ ಸಾಮರ್ಥ್ಯ ಬೇರೆ, ಭಾಷೆಯ ಪ್ರಯೋಗ ಬೇರೆ ಎಂದು ವಿಂಗಡಿಸಿದರು. ಮಾತಾಡುವಾಗ ತಡವರಿಸಬಹುದು, ಮರೆಯಬಹುದು. ಒಳಗಿರುವ ವ್ಯಾಕರಣದ ಅರಿವಿಗೆ ಅದರಿಂದ ಕುಂದಿಲ್ಲ ಎಂಬುದು ಅವರ ನಿಲುವು. ಅಮೆರಿಕದವರೇ ಆದ ಡೆಲ್ ಹೈಮ್ಸ್ ಇದು ಸಾಲದೆಂದರು. ಯಾರ ಹತ್ತಿರ, ಯಾವಾಗ, ಹೇಗೆ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ತಿಳಿದಿರುವುದೂ ಸಾಮರ್ಥ್ಯವೇ ಎಂದು ವಾದಿಸಿದರು. ಕನ್ನಡದವರಿಗೆ ಹೈಮ್ಸ್ ಹೇಳಿದ್ದನ್ನು ಒಪ್ಪಲು ಹೆಚ್ಚು ಹೊತ್ತು ಬೇಕಾಗಿಲ್ಲ. ಹೊಸದಾಗಿ ಕನ್ನಡ ಕಲಿತವರೊಬ್ಬರು ವಿಭಕ್ತಿ, ಕಾಲ, ಲಿಂಗ ಎಲ್ಲವನ್ನೂ ತಪ್ಪಿಲ್ಲದೆ ಬಳಸಿ, ಹೊಸಿಲು ದಾಟುತ್ತಿರುವ ಹಿರಿಯರನ್ನು 'ಎಲ್ಲಿಗೆ ಹೋಗುತ್ತಿದ್ದೀರಿ?' ಎಂದು ಕೇಳಿಬಿಡಬಹುದು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ಗೊತ್ತು, 'ದೂರ ಹೊರಟಿರಾ?' ಎನ್ನುತ್ತಾರೆ. ಬೀಳ್ಕೊಳ್ಳುವಾಗ 'ಹೋಗ್ತೀನಿ' ಎನ್ನದೆ 'ಹೋಗಿ ಬರ್ತೀನಿ' ಎನ್ನುವುದನ್ನೂ ಯಾವ ವ್ಯಾಕರಣ ಪುಸ್ತಕ ಕಲಿಸಿತು? ಕೇಳಿಸಿಕೊಂಡು, ಒಮ್ಮೆ ತಿದ್ದಿಸಿಕೊಂಡು, ನಾಲ್ಕು ಜನರ ನಡುವೆ ಬಂದದ್ದು.

ಶಾಲೆ ಇಂಥ ಕಲಿಕೆಯನ್ನು ಹೇಗೆ ಹಿಡಿದಿಡಬೇಕು? ನಮ್ಮಲ್ಲೇ ಆದ ಒಂದು ಪ್ರಯತ್ನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿದ್ದು ನಲಿ-ಕಲಿ. ಕಾಡಂಚಿನ ತಾಲ್ಲೂಕು ಅದು. ಮಕ್ಕಳು ಕೆಲಸಕ್ಕೋ ಹಬ್ಬಕ್ಕೋ ವಾರಗಟ್ಟಲೆ ಶಾಲೆ ತಪ್ಪಿಸುವುದು ಅಲ್ಲಿ ಸಾಮಾನ್ಯ. ಹಳೆಯ ಕ್ರಮದಲ್ಲಿ ಹಾಗೆ ತಪ್ಪಿಸಿಕೊಂಡ ಮಗು ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಮಗು ಹಿಂದೆಯೇ ಉಳಿಯುತ್ತಿತ್ತು. ನಲಿ-ಕಲಿಯಲ್ಲಿ ಕಲಿಕಾ ಏಣಿ ಇದೆ, ಮೈಲುಗಲ್ಲುಗಳಿವೆ, ಕಾರ್ಡುಗಳಿವೆ. ಮಗು ಎಲ್ಲಿ ಬಿಟ್ಟಿತ್ತೋ ಆ ಕಾರ್ಡಿನಿಂದಲೇ ಮತ್ತೆ ಹಿಡಿಯುತ್ತದೆ. ಒಂದು ಮೈಲುಗಲ್ಲನ್ನು ದಾಟಿತೆಂದು ಹೇಳಲು ವರ್ಷದ ಕೊನೆಯ ಪರೀಕ್ಷೆಗೆ ಕಾಯಬೇಕಾಗಿಲ್ಲ, ಪಕ್ಕದಲ್ಲಿ ಕೂತ ಟೀಚರು ನೋಡಿ ಹೇಳುತ್ತಾರೆ. ಮುಂದೆ ಇದು ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹರಡಿತು. ಹರಡುವಾಗ ಎಷ್ಟೋ ಕಡೆ ಕಾರ್ಡು ತಲುಪಿತು, ಅದರ ಹಿಂದಿನ ಗಮನ ತಲುಪಲಿಲ್ಲ. ಒಬ್ಬರೇ ಟೀಚರು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಯಲ್ಲಿ ಪ್ರತಿ ಮಗುವಿನ ಏಣಿಯನ್ನೂ ಹಿಂಬಾಲಿಸುವುದು ಸುಲಭವಲ್ಲ. ಇಲ್ಲಿಯೂ ಹೊರೆಯ ಪ್ರಶ್ನೆಯೇ ಬಂತು. ಆದರೂ ನೂರಕ್ಕೆ ಮೂವತ್ತೈದು ಬಂದರೆ ಪಾಸು ಎನ್ನುತ್ತಿದ್ದ ಲೆಕ್ಕಕ್ಕಿಂತ ಈ ಏಣಿ ಹೆಚ್ಚು ಪ್ರಾಮಾಣಿಕ. ಮೂವತ್ತೈದು ಅಂಕ ಪಡೆದ ಮಗುವಿಗೆ ಏನು ಬರುತ್ತದೆಂದು ಅಂಕಪಟ್ಟಿ ಹೇಳುವುದಿಲ್ಲ. ಏಣಿ ಹೇಳುತ್ತದೆ.

ಈಗ ಕೊನೆಯ ಭಾಗ: ಯಾರು ಕಂಡು ಹೇಳಬೇಕು?

ನರ್ಸಿಂಗ್ ಕ್ಷೇತ್ರದ ಪ್ಯಾಟ್ರೀಷಿಯಾ ಬೆನ್ನರ್ 1984ರಲ್ಲಿ, ಕೌಶಲ ಹೇಗೆ ಬೆಳೆಯುತ್ತದೆಂಬ ಡ್ರೈಫಸ್ ಸಹೋದರರ ವಿಚಾರವನ್ನು ಅನುಸರಿಸಿ, ನರ್ಸುಗಳ ಬೆಳವಣಿಗೆಯಲ್ಲಿ ಐದು ಹಂತಗಳನ್ನು ಗುರುತಿಸಿದರು. ಸಮರ್ಥ ಎಂಬುದು ಅದರಲ್ಲಿ ನಡುವಿನದು, ಮೂರನೆಯದು. ಅಲ್ಲಿಗೆ ಮುಟ್ಟಲು ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕೆಂದು ಅವರು ಕಂಡುಕೊಂಡರು. ಈ ಹಂತದಲ್ಲಿ ಮನುಷ್ಯರು ಬೇರೆಯವರ ನಿಯಮವನ್ನು ಪಾಲಿಸಿದೆ ಎಂಬ ಸಮಾಧಾನ ಬಿಟ್ಟು, ಇದು ನನ್ನ ತೀರ್ಮಾನ, ಇದರ ಫಲವೂ ನನ್ನದು ಎಂದು ಹೊತ್ತುಕೊಳ್ಳಲು ಶುರುಮಾಡುತ್ತಾರೆ. ಹಾಗಾದರೆ ಪದವಿ ಕೈಗೆ ಬಂದ ದಿನವೇ ಸಾಮರ್ಥ್ಯ ಬಂತೆಂದು ಎಣಿಸುವುದು ಪದವೀಧರರಿಗೂ ಅನ್ಯಾಯ, ಅವರ ಕೈಗೆ ಬರುವವರಿಗೂ ಅನ್ಯಾಯ.

ಇದಕ್ಕೆ ವಿರುದ್ಧ ದಿಕ್ಕಿನ ಅನ್ಯಾಯವೂ ಇದೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿಯೊಬ್ಬರು ತೂಕದ ಗುಂಡು ಬಿಟ್ಟು ಗೋಡೆಯ ನೇರ ನೋಡುತ್ತಾರೆ, ರಸಮಟ್ಟ ಇಟ್ಟು ನೆಲದ ಮಟ್ಟ ನೋಡುತ್ತಾರೆ. ಸಿಮೆಂಟು ಎಷ್ಟು, ಮರಳು ಎಷ್ಟು ಎಂದು ಕಲಸಿದ ಗಾರೆಯನ್ನು ಕರಣೆಯಲ್ಲಿ ಎತ್ತಿದೊಡನೆ ಹೇಳುತ್ತಾರೆ. ಅವರ ಬಳಿ ಒಂದು ಚೂರು ಕಾಗದವೂ ಇಲ್ಲ. ಕೆಲಸದಲ್ಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಬಂದಿದೆ. ಈ ವಿಚಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಂಥ ಮೇಸ್ತ್ರಿಯನ್ನು ಪರೀಕ್ಷಿಸಲು ಬರುವವರು ಗೋಡೆ ಕಟ್ಟಿ ಬಲ್ಲವರಾಗಿರಬೇಕು. ಗೋಡೆಯ ಮುಂದೆ ನಿಂತು ನೋಡಬೇಕು. ಕೋಣೆಯಲ್ಲಿ ಕೂರಿಸಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿಸಿದರೆ, ಓದು ಬಾರದವರ ಓದನ್ನು ಅಳೆದಂತಾಗುತ್ತದೆ.

ಕೊಟ್ಟ ಪ್ರಮಾಣಪತ್ರ ಎಷ್ಟು ಕಾಲ ಬಾಳಬೇಕು ಎಂಬುದೂ ಚಿಕ್ಕ ಪ್ರಶ್ನೆಯಲ್ಲ. ಹಡಗಿನ ಅಧಿಕಾರಿಗಳ ಸಾಮರ್ಥ್ಯದ ಪ್ರಮಾಣಪತ್ರವನ್ನು 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಐದು ವರ್ಷ ಮೀರದಂತೆ ಮತ್ತೆ ಮತ್ತೆ ಊರ್ಜಿತ ಮಾಡಿಕೊಳ್ಳಬೇಕು. ನಮ್ಮ ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಗಡುವಿತ್ತು. 2021ರಲ್ಲಿ ಅದನ್ನು ಜೀವನಪರ್ಯಂತ ಎಂದು ಮಾಡಿದರು. ಕೆಲಸ ಸಿಗದೆ ಕಾಯುತ್ತಿದ್ದ ಸಾವಿರಾರು ಮಂದಿಗೆ ಅದರಿಂದ ಉಪಕಾರವಾಯಿತು, ಆ ತೀರ್ಮಾನಕ್ಕೆ ನನ್ನ ಆಕ್ಷೇಪ ಇಲ್ಲ. ಅದು ಸರದಿಯಲ್ಲಿ ನಿಲ್ಲಲು ಬೇಕಾದ ಅರ್ಹತೆ. ಮಕ್ಕಳ ಮುಂದೆ ನಿಂತ ಮೇಲೆ ಬೇಕಾದ ಸಾಮರ್ಥ್ಯವನ್ನು ಕಾಲಕಾಲಕ್ಕೆ ಯಾರಾದರೂ ತರಗತಿಯಲ್ಲೇ ಕೂತು, ಸ್ನೇಹದಿಂದ, ಬಲ್ಲವರ ಕಣ್ಣಿನಿಂದ ನೋಡುವ ಏರ್ಪಾಡು ನಮ್ಮಲ್ಲಿ ಬಲವಾಗಿಲ್ಲ. ಪರಿವೀಕ್ಷಣೆಗೆ ಬಂದವರು ದಾಖಲೆ ಪುಸ್ತಕ ತಿರುವಿ ಹೋಗುವುದೇ ಹೆಚ್ಚು.

ಈ ಸಂಸ್ಥೆಯ ಆಡಳಿತ ಮಂಡಳಿಯವರು ಸಭೆಯಲ್ಲಿದ್ದಾರೆ, ಆದ್ದರಿಂದ ಒಂದು ಕೋರಿಕೆಯನ್ನು ಮುಂದಿಡುತ್ತೇನೆ. ನಿಮ್ಮ ಪ್ರಯೋಗಾಲಯ, ಕಾರ್ಯಾಗಾರಗಳಿಂದ ಹೊರಗೆ ಹೋಗುವ ವಿದ್ಯಾರ್ಥಿಗೆ ಅಂಕಪಟ್ಟಿಯ ಜೊತೆಗೆ ಇನ್ನೊಂದು ಹಾಳೆ ಕೊಡಿ. ಈ ವಿದ್ಯಾರ್ಥಿ ಯಾರ ಸಹಾಯವೂ ಇಲ್ಲದೆ ಮಾಡಬಲ್ಲ ಕೆಲಸಗಳು ಇಂಥವು, ಹಿರಿಯರು ಪಕ್ಕದಲ್ಲಿದ್ದರೆ ಮಾಡಬಲ್ಲವು ಇಂಥವು ಎಂದು ಅದರಲ್ಲಿ ಬರೆಯಿರಿ. ಕಣ್ಣಾರೆ ನೋಡಿದ ಅಧ್ಯಾಪಕರು ಪ್ರತಿ ಕೆಲಸದ ಎದುರು ತಮ್ಮ ಹೆಸರು ಬರೆದು, ದಿನಾಂಕ ಹಾಕಿ ಸಹಿ ಮಾಡಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಒಂದೇ ಒಂದು ವಿಭಾಗದಲ್ಲಿ ಇದನ್ನು ಆರಂಭಿಸಿದರೂ ಸಾಕು. ಆ ಹಾಳೆಯ ನಮೂನೆ ಸಿದ್ಧಪಡಿಸುವಾಗ ನಾನೂ ಬಂದು ಕೂರುತ್ತೇನೆ.